ಚಳಿಗಾಲದಲ್ಲಿ ಸಾಕು ಹಕ್ಕಿಗಳನ್ನು ಬೆಚ್ಚಗೆ ಇಡುವುದು ಹೇಗೆ?

ರಾತ್ರಿ ಹೊತ್ತು ನಿಮ್ಮ ಹಕ್ಕಿ ಮಲಗಿರುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಮೈ ಉಬ್ಬಿಸಿಕೊಂಡು ಉಣ್ಣೆಯ ಉಂಡೆಯ ಹಾಗೆ ಕೂತಿರುತ್ತದೆ. ಒಂದು ಕಾಲು ಹೊಟ್ಟೆಯ ಪುಕ್ಕದೊಳಗೆ ಸೇರಿಕೊಂಡಿರುತ್ತದೆ. ಕುತ್ತಿಗೆ ಹಿಂದಕ್ಕೆ ತಿರುಗಿ ಕೊಕ್ಕು ಬೆನ್ನಿನ ಗರಿಗಳಲ್ಲಿ ಹುದುಗಿರುತ್ತದೆ. ಪುಕ್ಕವಿಲ್ಲದ ಜಾಗ ಅದರ ಮೈಮೇಲೆ ಮುಖ್ಯವಾಗಿ ಎರಡು, ಕಾಲು ಮತ್ತು ಕೊಕ್ಕು. ಎರಡನ್ನೂ ಅದು ಬಚ್ಚಿಟ್ಟುಕೊಂಡಿದೆ.

ಬಾಯಿಮಾತಿನಲ್ಲಿ ಎಷ್ಟೋ ಜನ ಲವ್ ಬರ್ಡ್ಸ್ ಎಂದೇ ಕರೆಯುವ ಬಡ್ಜಿ ಹಕ್ಕಿ ತೂಗುವುದು ಸುಮಾರು 30ರಿಂದ 40 ಗ್ರಾಂ. ಗುಬ್ಬಿಯಂಥ ಪುಟ್ಟ ಹಕ್ಕಿ ಜೀಬ್ರಾ ಫಿಂಚ್ ಅದರ ಅರ್ಧವೂ ಇಲ್ಲ. ಇಷ್ಟು ಪುಟ್ಟ ಮೈ ಹಗಲೂ ರಾತ್ರಿ ಸುಮಾರು 41 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ಇರಬೇಕು. ಲೋಟದ ಬಿಸಿನೀರು ಹಂಡೆಯ ನೀರಿಗಿಂತ ಬೇಗ ಆರುತ್ತದೆ, ಅಲ್ವಾ? ಹಕ್ಕಿಯ ಕಷ್ಟವೂ ಅದೇ. ಮೈ ಚಿಕ್ಕದಾದಷ್ಟೂ ಬಿಸಿ ಬೇಗ ಹೊರಗೆ ಹೋಗುತ್ತದೆ.

ಇದಕ್ಕೆ ಹಕ್ಕಿಯ ಹತ್ತಿರ ಇರುವ ಉಪಾಯ ಗರಿಗಳು. ಮೈ ಉಬ್ಬಿಸಿದಾಗ ಗರಿಗಳ ನಡುವೆ ಗಾಳಿ ನಿಲ್ಲುತ್ತದೆ. ಮೈಯ ಬಿಸಿಗೆ ಆ ಗಾಳಿ ಬೆಚ್ಚಗಾಗಿ ಹಕ್ಕಿಗೆ ಹೊದಿಕೆಯಾಗುತ್ತದೆ. ಬೀಸುವ ಗಾಳಿ ಈ ಹೊದಿಕೆಯನ್ನು ಕಿತ್ತೊಯ್ಯುತ್ತದೆ, ತೇವ ಅದನ್ನು ಅಂಟಿಸಿಬಿಡುತ್ತದೆ, ಹಸಿವು ಒಳಗಿನ ಒಲೆಯನ್ನೇ ಆರಿಸುತ್ತದೆ. ಚಳಿಗಾಲದಲ್ಲಿ ನಾವು ಮಾಡಬೇಕಾದ ಕೆಲಸವೆಲ್ಲ ಈ ಮೂರನ್ನು ದೂರ ಇಡುವುದೇ. ಹೀಟರ್ ಆಮೇಲಿನ ಮಾತು. ಆದರೆ ತುಂಬ ಜನ ಹೀಟರ್‌ನಿಂದಲೇ ಶುರು ಮಾಡುತ್ತಾರೆ.

ಮೊದಲು ಪಂಜರದ ಜಾಗ ಸರಿಮಾಡಿ

ನಾನು ಹಕ್ಕಿ ಸಾಕಲು ಶುರು ಮಾಡಿದ ಮೊದಲ ಚಳಿಗಾಲದಲ್ಲಿ ಪಂಜರವನ್ನು ಕಿಟಕಿಯ ಪಕ್ಕಕ್ಕೇ ತಂದಿಟ್ಟಿದ್ದೆ. ಹಗಲಲ್ಲಿ ಬಿಸಿಲು ಬೀಳಲಿ ಎನ್ನುವುದು ನನ್ನ ಆಸೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಎರಡೂ ಬಡ್ಜಿಗಳು ಕೋಲು ಬಿಟ್ಟು ಇಳಿದು, ಪಂಜರದ ತಳದಲ್ಲಿ, ಕಿಟಕಿಯಿಂದ ದೂರದ ಮೂಲೆಗೆ ಒತ್ತಿಕೊಂಡು ಕೂತಿದ್ದವು. ಕಿಟಕಿ ಭದ್ರವಾಗಿ ಮುಚ್ಚಿತ್ತು. ಗಾಜಿಗೆ ಕೈ ಇಟ್ಟೆ, ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ತಣ್ಣನೆಯ ಗಾಜಿಗೆ ತಾಗಿದ ಗಾಳಿ ಭಾರವಾಗಿ ಕೆಳಗಿಳಿಯುತ್ತದೆ. ಅದು ರಾತ್ರಿಯಿಡೀ ಅವುಗಳ ಮೈಮೇಲೆ ಹರಿದಿತ್ತು. ಅವತ್ತಿನಿಂದ ಕಿಟಕಿ ಪಕ್ಕದ ಜಾಗ ಹಗಲಿಗೆ ಮಾತ್ರ, ಅದೂ ನಾನು ಮನೆಯಲ್ಲಿದ್ದರೆ.

ನಿಮ್ಮ ಪಂಜರದ ಹತ್ತಿರ ಗಾಳಿ ಹರಿಯುತ್ತಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಟಿಶ್ಯೂ ಕಾಗದವನ್ನು ಬೆರಳಗಲಕ್ಕೆ ಉದ್ದವಾಗಿ ಹರಿದು, ಹಕ್ಕಿ ಮಲಗುವ ಕೋಲಿನ ಎತ್ತರದಲ್ಲಿ ಪಂಜರದ ಹೊರಗಿನಿಂದ ಹಿಡಿಯಿರಿ. ಉಸಿರು ಬಿಗಿಹಿಡಿದು ನೋಡಿ. ಕಾಗದ ನೆಟ್ಟಗೆ ಇಳಿಬಿದ್ದರೆ ಸರಿ. ತುದಿ ಅಲುಗಿದರೆ ಎಲ್ಲಿಂದಲೋ ಗಾಳಿ ಬರುತ್ತಿದೆ. ನಾಲ್ಕೂ ಬದಿಯಲ್ಲಿ ಹೀಗೆ ನೋಡಿ, ರಾತ್ರಿ ಇನ್ನೊಮ್ಮೆ ನೋಡಿ. ಬಾಗಿಲ ಕೆಳಗಿನ ಸಂದು, ಕಿಟಕಿಯ ಚೌಕಟ್ಟು, ಏಸಿಯ ಬಾಯಿ, ಸ್ನಾನದ ಮನೆಯ ಫ್ಯಾನ್, ಇವೇ ಸಾಮಾನ್ಯವಾಗಿ ಕಾರಣ. ಊದುಬತ್ತಿ ಹೊಗೆಯಲ್ಲಿ ನೋಡಬಹುದಲ್ಲ ಅನ್ನಿಸಬಹುದು. ಬೇಡ, ಹೊಗೆ ಹಕ್ಕಿಗೆ ಆಗುವುದಿಲ್ಲ.

ಪಂಜರ ನೆಲದ ಮೇಲೆ ಬೇಡ. ನಿಮ್ಮ ಎದೆ ಎತ್ತರಕ್ಕೆ ಇರಲಿ, ಒಂದು ಬದಿ ಒಳಗೋಡೆಗೆ ತಾಗಿರಲಿ. ಹೊರಗೋಡೆ ರಾತ್ರಿ ತಣ್ಣಗಾಗುತ್ತದೆ. ಬೆಚ್ಚಗಿದೆ ಎಂದು ಅಡುಗೆಮನೆಯಲ್ಲಿ ಇಡುವವರಿದ್ದಾರೆ. ಅದು ಮನೆಯಲ್ಲೇ ಹಕ್ಕಿಗೆ ಅತಿ ಅಪಾಯದ ಜಾಗ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಆಮೇಲೆ ಅಳೆಯಿರಿ

ನಮಗೆ ಚಳಿ ಅನ್ನಿಸಿತು ಎಂದು ಹಕ್ಕಿಗೂ ಚಳಿ ಎಂದು ಹೇಳಲಾಗದು. ನಮಗೆ ಸೆಖೆಯಾದರೆ ಅದಕ್ಕೆ ಹಿತ ಎಂದೂ ಹೇಳಲಾಗದು. ಒಂದು ಥರ್ಮಾಮೀಟರ್ ತಂದು ಪಂಜರದ ಪಕ್ಕ, ಹಕ್ಕಿ ಕೂರುವ ಎತ್ತರದಲ್ಲೇ ಇಡಿ. ಹಿಂದಿನ ರಾತ್ರಿಯ ಅತಿ ಕಡಿಮೆ ಉಷ್ಣಾಂಶವನ್ನು ನೆನಪಿಟ್ಟು ತೋರಿಸುವಂಥದ್ದು ಸಿಕ್ಕರೆ ತುಂಬ ಒಳ್ಳೆಯದು. ಬೆಳಗಿನ ಜಾವದ ಚಳಿ ಎಷ್ಟಿತ್ತು ಎಂದು ನಾವು ನಿದ್ದೆಗೆಟ್ಟು ನೋಡಬೇಕಿಲ್ಲ.

ಬಡ್ಜಿ, ಜುಟ್ಟಿರುವ ಗಿಣಿ ಜಾತಿಯ ಕಾಕಟೀಲ್, ನಿಜವಾದ ಲವ್‌ಬರ್ಡ್ (ಇದು ಬಡ್ಜಿಯಲ್ಲ, ಬೇರೆ ಜಾತಿಯ ಪುಟ್ಟ ಗಿಣಿ), ಫಿಂಚ್‌ಗಳಂಥ ಆರೋಗ್ಯವಂತ ಹಕ್ಕಿಗಳಿಗೆ 18ರಿಂದ 26 ಡಿಗ್ರಿ ಹಿತವಾದ ಲೆಕ್ಕ. ನಿಧಾನವಾಗಿ ಒಗ್ಗಿಕೊಂಡ ಹಕ್ಕಿ ಇದಕ್ಕಿಂತ ಕಡಿಮೆಯನ್ನೂ ತಡೆದುಕೊಳ್ಳುತ್ತದೆ. ಬಡ್ಜಿಯ ಮೂಲ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು, ಅಲ್ಲಿ ರಾತ್ರಿಗಳು ಚೆನ್ನಾಗಿ ಕೊರೆಯುತ್ತವೆ. ಹಕ್ಕಿಯನ್ನು ಹೆಚ್ಚಾಗಿ ಸೋಲಿಸುವುದು ಉಷ್ಣಾಂಶದ ದಿಢೀರ್ ಏರಿಳಿತ. ಸಂಜೆ ಹೀಟರ್ ಹಾಕಿ ಕೋಣೆಯನ್ನು 28ಕ್ಕೆ ಏರಿಸಿ, ಮಲಗುವಾಗ ಆರಿಸಿ, ಬೆಳಿಗ್ಗೆ ಅದು 13ಕ್ಕೆ ಇಳಿಯುವುದಕ್ಕಿಂತ ಇಡೀ ರಾತ್ರಿ ಒಂದೇ ಸಮ 18 ಇರುವುದು ಎಷ್ಟೋ ಮೇಲು.

ಮರಿಗಳು, ಮುದಿ ಹಕ್ಕಿಗಳು, ಕಾಯಿಲೆಯಿಂದ ಎದ್ದವು, ಗರಿ ಉದುರಿಸಿ ಹೊಸ ಗರಿ ಬಿಡುತ್ತಿರುವವು, ಗರಿ ಕಿತ್ತುಕೊಳ್ಳುವ ಚಟ ಇರುವವು, ಇವಕ್ಕೆ ಇನ್ನೂ ನಾಲ್ಕೈದು ಡಿಗ್ರಿ ಜಾಸ್ತಿ ಬೇಕು. ಅವುಗಳ ಹೊದಿಕೆಯೇ ತೂತಾಗಿರುತ್ತದೆ, ಇಲ್ಲವೇ ಒಲೆಯಲ್ಲಿ ಕಸುವಿರುವುದಿಲ್ಲ.

ರಾತ್ರಿಯ ಹೊದಿಕೆ

ಪಂಜರದ ಮೇಲ್ಭಾಗ, ಹಿಂಭಾಗ ಮತ್ತು ಎರಡು ಪಕ್ಕಗಳನ್ನು ಹತ್ತಿ ಬಟ್ಟೆಯಿಂದ ಮುಚ್ಚಿ. ಎದುರಿನ ಬದಿ ಸ್ವಲ್ಪ ತೆರೆದಿರಲಿ. ತೀರಾ ಚಳಿಯಾದರೆ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಹಾಕಿ. ಆದರೆ ಗಾಳಿ ಆಡಲು ದಾರಿ ಬಿಡದೆ ಕಂಬಳಿ ಸುತ್ತಬೇಡಿ. ಒಳಗೆ ತೇವ ನಿಲ್ಲುತ್ತದೆ, ಹಿಕ್ಕೆಯ ವಾಸನೆ ಕಟ್ಟುತ್ತದೆ, ಅಂಥಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟಿನ ಕಣಗಳು ಹಕ್ಕಿಯ ಶ್ವಾಸಕೋಶಕ್ಕೆ ಹೊಕ್ಕರೆ ಬಿಡಿಸುವುದು ಬಹಳ ಕಷ್ಟ.

ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿ ನೋಡಿ. ಎಳೆ ಬಿಟ್ಟಿದ್ದರೆ ಕತ್ತರಿಸಿ. ಉಗುರಿಗೋ ಕುತ್ತಿಗೆಗೋ ಒಂದು ದಾರ ಸುತ್ತಿಕೊಂಡರೆ ಕತ್ತಲಲ್ಲಿ ಹಕ್ಕಿ ಒದ್ದಾಡಿ ಕಾಲು ಮುರಿದುಕೊಳ್ಳುತ್ತದೆ. ಹಕ್ಕಿ ಒಳಗೆ ಹೊಕ್ಕು ಮಲಗಲಿ ಎಂದು ಮಾರುವ ಮೆತ್ತನೆಯ ಬಟ್ಟೆಯ ಗೂಡುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಹಕ್ಕಿ ಅದರ ನೂಲು ಕಿತ್ತು ನುಂಗುತ್ತದೆ, ಅದು ಹೊಟ್ಟೆಯಲ್ಲಿ ಗಂಟಾಗುತ್ತದೆ. ಹೆಣ್ಣು ಹಕ್ಕಿಗೆ ಅದು ಗೂಡಿನ ಹಾಗೆ ಕಂಡು ಹೊತ್ತಲ್ಲದ ಹೊತ್ತಿನಲ್ಲಿ ಮೊಟ್ಟೆ ಇಡಲು ಶುರು ಮಾಡುವುದೂ ಉಂಟು.

ಕೆಲವು ಹಕ್ಕಿಗಳು, ಅದರಲ್ಲೂ ಕಾಕಟೀಲ್‌ಗಳು, ಪೂರ್ತಿ ಕತ್ತಲಾದರೆ ರಾತ್ರಿ ಬೆಚ್ಚಿಬಿದ್ದು ಪಂಜರದೊಳಗೆ ಬಡಿದಾಡುತ್ತವೆ. ನಿಮ್ಮದು ಹಾಗಿದ್ದರೆ ಕೋಣೆಯಲ್ಲಿ ಒಂದು ಸಣ್ಣ ಮಂದ ದೀಪ ಇಡಿ.

ಹೀಟರ್ ಬೇಕೇ ಬೇಕು ಅಂದರೆ

ಜಾಗ ಸರಿಮಾಡಿ, ಹೊದಿಸಿ, ಆಮೇಲೂ ರಾತ್ರಿ ಉಷ್ಣಾಂಶ ತುಂಬ ಕೆಳಗಿಳಿಯುತ್ತಿದ್ದರೆ ಆಗ ಹೀಟರ್ ಯೋಚನೆ ಮಾಡಿ. ನನ್ನ ಮೊದಲ ಆಯ್ಕೆ ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್. ಅದರಲ್ಲಿ ಕೆಂಪಗೆ ಕಾಯುವ ತಂತಿ ಹೊರಗೆ ಕಾಣುವುದಿಲ್ಲ, ಫ್ಯಾನ್ ಇಲ್ಲ, ಬಿಸಿ ಮೆಲ್ಲಗೆ ಹರಡುತ್ತದೆ. ಪಂಜರದಿಂದ ಮೂರು ನಾಲ್ಕು ಅಡಿಯಾದರೂ ದೂರ ಇಡಿ. ಥರ್ಮೋಸ್ಟಾಟ್ ಇರುವುದನ್ನೇ ಕೊಳ್ಳಿ, ಬೇಕಾದಷ್ಟು ಬಿಸಿಯಾದ ಮೇಲೆ ತಾನೇ ಆರಬೇಕು.

ಪಂಜರಕ್ಕೆ ಮಾತ್ರ ಕಾವು ಸಾಕು ಎನ್ನುವವರು ಸೆರಾಮಿಕ್ ಹೀಟ್ ಬಲ್ಬ್ ಬಳಸಬಹುದು. ಅದು ಬೆಳಕು ಕೊಡುವುದಿಲ್ಲ, ಬಿಸಿ ಮಾತ್ರ ಕೊಡುತ್ತದೆ, ಹಾಗಾಗಿ ಹಕ್ಕಿಯ ನಿದ್ದೆ ಕೆಡುವುದಿಲ್ಲ. ಆದರೆ ಅದರ ಮೈ ಮುಟ್ಟಿದರೆ ಸುಡುವಷ್ಟು ಕಾಯುತ್ತದೆ. ಪಿಂಗಾಣಿ ಹೋಲ್ಡರ್‌ನಲ್ಲೇ ಹಾಕಿ, ಸುತ್ತ ಲೋಹದ ಜಾಲರಿ ಇರಲಿ, ಪಂಜರದ ಹೊರಗೇ ಇರಲಿ, ಬಟ್ಟೆಗೆ ತಾಗದಿರಲಿ. ಥರ್ಮೋಸ್ಟಾಟ್ ಇಲ್ಲದೆ ಇದನ್ನು ರಾತ್ರಿ ಬಿಟ್ಟು ಮಲಗಬೇಡಿ. ಇನ್ನೊಂದು ಮಾತು ಮರೆಯಬಾರದು. ಕಾವು ಪಂಜರದ ಒಂದು ಬದಿಗೆ ಮಾತ್ರ ಬೀಳಬೇಕು. ಚಳಿಯಾದರೆ ಹಕ್ಕಿ ಹತ್ತಿರ ಬರುತ್ತದೆ, ಸಾಕಾದರೆ ಆಚೆ ಸರಿಯುತ್ತದೆ. ಎಷ್ಟು ಬೇಕು ಎಂದು ಅದಕ್ಕೆ ಗೊತ್ತು, ಸರಿಯಲು ಜಾಗ ನಾವು ಕೊಡಬೇಕು.

ಬಿಸಿ ಜಾಸ್ತಿಯಾಯಿತು ಎನ್ನುವುದನ್ನು ಹಕ್ಕಿ ಸ್ಪಷ್ಟವಾಗಿ ಹೇಳುತ್ತದೆ. ಗರಿಗಳನ್ನು ಮೈಗೆ ಅಂಟಿಸಿಕೊಂಡು ತೆಳ್ಳಗೆ ಕಾಣುತ್ತದೆ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುತ್ತದೆ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಹಕ್ಕಿಗೆ ಬೆವರಿನ ಗ್ರಂಥಿಗಳಿಲ್ಲ. ಹಾಗೆ ಕಂಡ ಕೂಡಲೇ ಹೀಟರ್ ಆರಿಸಿ.

ಹೀಟರ್‌ನ ವೈರನ್ನು ಹಕ್ಕಿಯ ಕೊಕ್ಕಿಗೆ ಎಟುಕದಂತೆ ಕಟ್ಟಿ. ಗಿಣಿ ಜಾತಿಯ ಹಕ್ಕಿಗಳಿಗೆ ವೈರ್ ಕಡಿಯುವುದೆಂದರೆ ಬಲು ಇಷ್ಟ. ಕರೆಂಟ್ ಹೋದರೆ ಏನು ಮಾಡಬೇಕು ಎಂದೂ ಮೊದಲೇ ಯೋಚಿಸಿಡಿ. ಪಂಜರವನ್ನು ಮನೆಯ ಅತಿ ಚಿಕ್ಕ ಕೋಣೆಗೆ ಒಯ್ದು ಬಾಗಿಲು ಹಾಕಿ, ಬಾಟಲಿಗಳಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪಂಜರದ ಹೊರಮೈಗೆ ಒರಗಿಸಿದರೆ ಕೆಲವು ಗಂಟೆ ನಡೆಯುತ್ತದೆ.

ಹೊಗೆ ಮತ್ತು ನಾನ್‌ಸ್ಟಿಕ್: ಇದನ್ನು ತಪ್ಪದೆ ಓದಿ

ಚಳಿಗಾಲದಲ್ಲಿ ಹಕ್ಕಿಗಳನ್ನು ಚಳಿಗಿಂತ ಬೇಗ ಕೊಲ್ಲುವುದು ಮುಚ್ಚಿದ ಕೋಣೆಯ ಕೆಟ್ಟ ಗಾಳಿ. ಹಕ್ಕಿಯ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳೂ ಇವೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿ ಶ್ವಾಸಕೋಶದ ಮೂಲಕ ಹರಿಯುತ್ತದೆ. ಹಾರುವುದಕ್ಕೆ ಇದು ದೊಡ್ಡ ಅನುಕೂಲ. ಗಾಳಿಯಲ್ಲಿ ವಿಷವಿದ್ದರೆ ಅದೂ ಅಷ್ಟೇ ಬೇಗ ಒಳಗೆ ಹೋಗುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರ ತನಕವೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಕಾರ್ಬನ್ ಮಾನಾಕ್ಸೈಡ್ ಇದ್ದರೆ ಮನುಷ್ಯನಿಗೆ ತಿಳಿಯುವ ಮೊದಲೇ ಹಕ್ಕಿ ಕುಸಿಯುತ್ತಿತ್ತು.

ಆದ್ದರಿಂದ ಇದ್ದಿಲು ಕೆಂಡ, ಸೀಮೆಎಣ್ಣೆ ಹೀಟರ್, ಹೊಗೆ ಹೋಗಲು ಕೊಳವೆಯಿಲ್ಲದ ಗ್ಯಾಸ್ ಹೀಟರ್, ಇವು ಹಕ್ಕಿ ಇರುವ ಕೋಣೆಯಲ್ಲಿ ಬೇಡವೇ ಬೇಡ. ಮನುಷ್ಯರಿಗೂ ಇವು ಅಪಾಯ. ಸುವಾಸನೆಯ ಮೇಣದಬತ್ತಿ, ರೂಮ್ ಫ್ರೆಶ್‌ನರ್, ಸೊಳ್ಳೆ ಕಾಯಿಲ್‌ಗಳನ್ನೂ ದೂರ ಇಡಿ.

ಇನ್ನೊಂದು, ಕಣ್ಣಿಗೇ ಕಾಣದ ಅಪಾಯ. ನಾನ್‌ಸ್ಟಿಕ್ ಪಾತ್ರೆಗಳ ಟೆಫ್ಲಾನ್ ಲೇಪನಕ್ಕೆ ಪಿಟಿಎಫ್‌ಇ ಎಂದು ಹೆಸರು. ಖಾಲಿ ಪಾತ್ರೆ ಒಲೆಯ ಮೇಲೆ ಉಳಿದು ಅತಿಯಾಗಿ ಕಾದರೆ ಈ ಲೇಪನ ಒಡೆದು ಅನಿಲ ಬಿಡುತ್ತದೆ. ಅದು ನಿಮಿಷಗಳಲ್ಲಿ ಹಕ್ಕಿಯ ಜೀವ ತೆಗೆಯಬಲ್ಲದು. ಕೆಲವು ಹೀಟರ್‌ಗಳು, ಹೀಟ್ ಬಲ್ಬ್‌ಗಳು, ಹೇರ್ ಡ್ರೈಯರ್‌ಗಳು, ಇಸ್ತ್ರಿಪೆಟ್ಟಿಗೆಗಳಲ್ಲೂ ಇದೇ ಲೇಪನ ಇರುತ್ತದೆ. ಹೊಸ ಹೀಟರ್ ಕೊಳ್ಳುವಾಗ ಪಿಟಿಎಫ್‌ಇ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ತಂದ ಮೇಲೆ ಹಕ್ಕಿ ಇಲ್ಲದ ಕೋಣೆಯಲ್ಲಿ, ಕಿಟಕಿ ತೆರೆದು, ಹೊಸ ವಾಸನೆ ಪೂರ್ತಿ ಹೋಗುವ ತನಕ ಉರಿಸಿ, ಆಮೇಲೆ ಹಕ್ಕಿಯ ಕೋಣೆಗೆ ತನ್ನಿ. ಹಕ್ಕಿ ಇರುವ ಮನೆಗೆ ಸ್ಟೀಲ್ ಮತ್ತು ಕಬ್ಬಿಣದ ಪಾತ್ರೆಗಳೇ ಸರಿ ಎಂದು ನನ್ನ ಗಟ್ಟಿ ನಂಬಿಕೆ.

ಚಳಿ ಎಂದು ದಿನವಿಡೀ ಕಿಟಕಿ ಮುಚ್ಚಿಡುವುದೂ ಸರಿಯಲ್ಲ. ಮಧ್ಯಾಹ್ನ ಬಿಸಿಲಿರುವಾಗ ಪಂಜರವನ್ನು ಬೇರೆ ಕೋಣೆಗೆ ಒಯ್ದು, ಹತ್ತು ಹದಿನೈದು ನಿಮಿಷ ಕಿಟಕಿ ತೆರೆದಿಡಿ. ಕೋಣೆ ಮತ್ತೆ ಬೆಚ್ಚಗಾದ ಮೇಲೆ ಹಕ್ಕಿಯನ್ನು ತನ್ನಿ.

ಹೊಟ್ಟೆ ತುಂಬಿದ ಹಕ್ಕಿಗೆ ಚಳಿ ಕಡಿಮೆ

ಮೈ ಬಿಸಿ ಉಳಿಸಿಕೊಳ್ಳಲು ಹಕ್ಕಿ ರಾತ್ರಿಯಿಡೀ ತಿಂದದ್ದನ್ನು ಉರಿಸುತ್ತಿರುತ್ತದೆ. ಚಳಿಗಾಲದ ರಾತ್ರಿ ಬೇರೆ ಉದ್ದ. ಸಂಜೆ ಬೆಳಕು ಆರುವ ಒಂದು ಗಂಟೆ ಮೊದಲು ಬಟ್ಟಲು ನೋಡಿ. ಮೇಲೆ ತುಂಬಿದ ಹಾಗೆ ಕಂಡರೂ ಅದು ಬರೀ ಸಿಪ್ಪೆ ಇರಬಹುದು. ಬಡ್ಜಿ ಮತ್ತು ಫಿಂಚ್‌ಗಳು ಕಾಳು ತಿಂದು ಸಿಪ್ಪೆಯನ್ನು ಅಲ್ಲೇ ಬಿಡುತ್ತವೆ. ಬಾಯಿಯಿಂದ ಮೆಲ್ಲಗೆ ಊದಿ, ಸಿಪ್ಪೆ ಹಾರಿಸಿ, ಹೊಸ ಕಾಳು ಹಾಕಿ. ತಳದಲ್ಲಿ ನಾಲ್ಕೇ ಕಾಳು ಉಳಿದ ಬಟ್ಟಲನ್ನು ತುಂಬಿದೆ ಎಂದುಕೊಂಡು ಹಕ್ಕಿಯನ್ನು ಹಸಿವಿನಲ್ಲಿ ಮಲಗಿಸುವುದು ತುಂಬ ಮನೆಗಳಲ್ಲಿ ನಡೆಯುವ ತಪ್ಪು.

ಚಳಿ ಜಾಸ್ತಿಯಾದ ದಿನಗಳಲ್ಲಿ ಕೊಬ್ಬಿನಂಶ ಇರುವ ಸೂರ್ಯಕಾಂತಿಯಂಥ ಬೀಜಗಳನ್ನು ಸ್ವಲ್ಪ ಹೆಚ್ಚಿಸಬಹುದು. ಸ್ವಲ್ಪ ಎಂದರೆ ಸ್ವಲ್ಪವೇ. ಬೆಚ್ಚನೆಯ ಕೋಣೆಯಲ್ಲಿ ಹಾರಾಟವಿಲ್ಲದೆ ಕೂತ ಹಕ್ಕಿ ಇದರಿಂದ ಬೇಗ ಕೊಬ್ಬುತ್ತದೆ. ಸೊಪ್ಪು, ತರಕಾರಿ, ಮೊಳಕೆ ಕಾಳು ನಿಲ್ಲಿಸಬೇಡಿ. ಫ್ರಿಜ್‌ನಿಂದ ತೆಗೆದ ಕೂಡಲೇ ಹಾಕದೆ ಹೊರಗಿಟ್ಟು ತಣ್ಣಗಿನ ಅಂಶ ಹೋದ ಮೇಲೆ ಕೊಡಿ. ಬೇಯಿಸಿದ ಧಾನ್ಯವನ್ನು ಉಗುರುಬೆಚ್ಚಗೆ ಕೊಡಬಹುದು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಚೆನ್ನಾಗಿ ಕಲಕಿ, ಬೆರಳಿಟ್ಟು ನೋಡಿ. ಅದರಲ್ಲಿ ಒಂದೊಂದು ಕಡೆ ಒಂದೊಂದು ಬಿಸಿ ಇರುತ್ತದೆ, ಗಂಟಲಚೀಲ ಸುಟ್ಟೀತು. ಬಿಸಿ ಹಾಲು ಕುಡಿಸುವುದು ಬೇಡ, ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ.

ನೀರನ್ನು ದಿನಕ್ಕೆರಡು ಸಲ ಬದಲಿಸಿ.

ಸ್ನಾನ ಮತ್ತು ತೇವ

ಚಳಿಯಲ್ಲಿ ಸ್ನಾನ ನಿಲ್ಲಿಸಿಬಿಡಬೇಕು ಎಂದು ಅಂದುಕೊಳ್ಳುತ್ತೇವೆ. ಆದರೆ ಹೀಟರ್ ಹಾಕಿದ ಕೋಣೆಯ ಗಾಳಿ ಒಣಗುತ್ತದೆ, ಹಕ್ಕಿಯ ಚರ್ಮ ತುರಿಸುತ್ತದೆ, ಗರಿ ಒರಟಾಗುತ್ತದೆ. ಗರಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದರೆ ಮಾತ್ರ ಗಾಳಿ ಒಳಗೆ ನಿಲ್ಲುತ್ತದೆ. ಕೊಳಕು ಗರಿ ಹರಕು ಹೊದಿಕೆ ಇದ್ದ ಹಾಗೆ. ಆದ್ದರಿಂದ ವಾರಕ್ಕೆ ಒಂದೆರಡು ಸಲ, ಬೆಳಿಗ್ಗೆ ಹತ್ತರ ನಂತರ, ಬೆಚ್ಚನೆಯ ಕೋಣೆಯಲ್ಲಿ ಅಗಲ ಬಟ್ಟಲಲ್ಲಿ ನೀರಿಡಿ. ಇಷ್ಟವಿದ್ದರೆ ತಾನೇ ಇಳಿಯುತ್ತದೆ, ಒತ್ತಾಯ ಬೇಡ. ಬಿಸಿನೀರು ಗರಿಯ ಎಣ್ಣೆ ತೆಗೆಯುತ್ತದೆ. ಕೋಣೆಯಷ್ಟೇ ತಂಪಿರುವ ನೀರು ಸಾಕು. ಸಂಜೆಯೊಳಗೆ ಪೂರ್ತಿ ಒಣಗಬೇಕು. ಹೇರ್ ಡ್ರೈಯರ್ ಹಿಡಿಯಬೇಡಿ.

ಕೋಣೆಯ ತೇವಾಂಶ 40ರಿಂದ 60 ಶೇಕಡಾ ಇದ್ದರೆ ಚೆನ್ನ. ತೀರಾ ಒಣಗಿದರೆ ಹ್ಯೂಮಿಡಿಫೈಯರ್ ಇಡಬಹುದು, ದಿನಾ ತೊಳೆಯುವುದಾದರೆ ಮಾತ್ರ.

ಕೂರುವ ಕೋಲು, ಬೆಳಕು, ಜೊತೆ

ಕಬ್ಬಿಣ ಅಥವಾ ಸಿಮೆಂಟಿನ ಕೋಲು ರಾತ್ರಿ ಕಾಲಿನ ಬಿಸಿ ಹೀರುತ್ತದೆ. ಮಲಗುವ ಜಾಗದಲ್ಲಿ ಮರದ ಕೋಲೇ ಇರಲಿ. ಸ್ವಲ್ಪ ದಪ್ಪ ಇದ್ದರೆ ಹಕ್ಕಿ ಕೂತಾಗ ಹೊಟ್ಟೆಯ ಪುಕ್ಕ ಬೆರಳುಗಳ ಮೇಲೆ ಇಳಿದು ಮುಚ್ಚುತ್ತದೆ. ಹಗಲು ಚಿಕ್ಕದಾದರೂ ಸಂಜೆ ಲೈಟ್ ಹಾಕಿ ಹತ್ತು ಹನ್ನೆರಡು ಗಂಟೆ ಬೆಳಕು ಸಿಗುವಂತೆ ಮಾಡಿ, ತಿನ್ನಲು ಹೊತ್ತು ಸಿಗುತ್ತದೆ. ಆಮೇಲೆ ಅಷ್ಟೇ ಹೊತ್ತಿನ ಕತ್ತಲೂ ಬೇಕು. ಫಿಂಚ್‌ಗಳು ಸಾಲಾಗಿ ಒತ್ತಿಕೊಂಡು ಮಲಗಿ ಒಂದರ ಬಿಸಿ ಇನ್ನೊಂದಕ್ಕೆ ಕೊಡುತ್ತವೆ. ಒಂಟಿ ಹಕ್ಕಿಗೆ ಅದಿಲ್ಲ, ಅದರ ಮೇಲೆ ಗಮನ ಜಾಸ್ತಿ ಇರಲಿ.

ಹೊರಗಿನ ದೊಡ್ಡ ಗೂಡಿನಲ್ಲಿ ಸಾಕಿದ್ದರೆ

ಚಾವಣಿ ಮತ್ತು ಮೂರು ಬದಿಗೆ ಗಾಳಿ ನುಗ್ಗದ ಗೋಡೆ ಬೇಕು, ಗಾಳಿ ಬೀಸುವ ದಿಕ್ಕು ಮೊದಲು ಮುಚ್ಚಿ. ಒಳಗೆ ಒಣಗಿದ, ಎತ್ತರದ ಮಲಗುವ ಜಾಗ ಇರಲಿ. ಅತಿ ಎತ್ತರದ ಕೋಲನ್ನು ಒಳಗೇ ಕಟ್ಟಿದರೆ ಹಕ್ಕಿಗಳು ಸಂಜೆ ತಾವಾಗಿ ಅಲ್ಲಿಗೆ ಹೋಗುತ್ತವೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನೀರಿನ ಬಟ್ಟಲು ನೋಡುವುದು ಮೊದಲ ಕೆಲಸ. ಹೊರಗೆ ಇಡುವುದಾದರೆ ಬೇಸಿಗೆಯಿಂದಲೇ ಹೊರಗಿದ್ದು ಒಗ್ಗಿಕೊಂಡ ಹಕ್ಕಿಗಳನ್ನು ಮಾತ್ರ ಇಡಿ. ಒಳಗಿನ ಹಕ್ಕಿಯನ್ನು ನಡು ಚಳಿಗಾಲದಲ್ಲಿ ಹೊರಗೆ ಬಿಡಬೇಡಿ. ಹೊರಗಿನದನ್ನು ಒಳಗೆ ತಂದರೆ ಮೊದಲು ತಂಪು ಕೋಣೆಯಲ್ಲಿಟ್ಟು, ದಿನಗಳ ಲೆಕ್ಕದಲ್ಲಿ ಬೆಚ್ಚಗೆ ಮಾಡಿ.

ಚಳಿಯೋ, ಕಾಯಿಲೆಯೋ?

ಉಬ್ಬಿಕೊಂಡ ಹಕ್ಕಿ ಬೆಚ್ಚಗಾದ ಮೇಲೆ ಗರಿ ಇಳಿಸಿ, ಮೈ ಕೊಡವಿ, ತಿನ್ನಲು ಹೋದರೆ ಅದು ಸುಮ್ನೆ ಚಳಿ. ಹಗಲಲ್ಲಿ, ಬೆಚ್ಚನೆಯ ಕೋಣೆಯಲ್ಲೂ ಉಬ್ಬಿಕೊಂಡೇ ಕೂತು ತೂಕಡಿಸಿದರೆ ಅದು ಕಾಯಿಲೆ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವುದು, ಪಂಜರದ ತಳದಲ್ಲಿ ಕೂರುವುದು, ಹಿಕ್ಕೆಯ ಬಣ್ಣ ಅಥವಾ ನೀರಿನಂಶ ಬದಲಾಗುವುದು, ಇವೂ ಕಾಯಿಲೆಯ ಗುರುತು. ಉಬ್ಬಿದ ಗರಿ ಸೊರಗಿದ ಮೈಯನ್ನು ಮುಚ್ಚಿಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹತ್ತರಲ್ಲಿ ಒಂದು ಪಾಲು ಇಳಿದರೆ ಕಾಯಬೇಡಿ, ಡಾಕ್ಟರ ಬಳಿ ಹೋಗಿ. ಹೆಣ್ಣು ಹಕ್ಕಿ ಹೊಟ್ಟೆ ಉಬ್ಬಿ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಚಳಿಯಲ್ಲಿ ಇದು ಜಾಸ್ತಿ, ಗಂಟೆಗಳಲ್ಲೇ ಜೀವಕ್ಕೆ ಅಪಾಯ ತರುತ್ತದೆ.

ಡಾಕ್ಟರ್ ಸಿಗುವ ತನಕ ಹೀಗೆ ಮಾಡಿ:

1. ಗಾಳಿಯಾಡಲು ತೂತುಗಳಿರುವ ಸಣ್ಣ ರಟ್ಟಿನ ಪೆಟ್ಟಿಗೆಯ ತಳಕ್ಕೆ ಎಳೆ ಬಿಡದ ಬಟ್ಟೆ ಹಾಸಿ.

2. ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿಮಾಡಿ, ಟವೆಲ್ ಸುತ್ತಿ. ಒಳ ಮುಂಗೈಗೆ ಒತ್ತಿ ನೋಡಿ, ಹಿತವಾಗಿರಬೇಕು, ಸುಡಬಾರದು.

3. ಅದನ್ನು ಪೆಟ್ಟಿಗೆಯ ಒಂದು ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ.

4. ಥರ್ಮಾಮೀಟರ್ ಒಳಗಿಟ್ಟು 28ರಿಂದ 30 ಡಿಗ್ರಿ ಆಸುಪಾಸಿನಲ್ಲಿ ಕಾಪಾಡಿ. ನೀರು ಆರಿದ ಹಾಗೆ ಬದಲಿಸಿ.

5. ಕಾಳು, ನೀರು ಹತ್ತಿರದಲ್ಲೇ ಇಡಿ. ಬಾಯಿಗೆ ನೀರು ಹಿಂಡಬೇಡಿ, ಶ್ವಾಸಕ್ಕೆ ಹೋಗುತ್ತದೆ. ಮೈಗೆ ಎಣ್ಣೆ, ಮುಲಾಮು ಹಚ್ಚಬೇಡಿ, ಗರಿ ಅಂಟಿ ಇನ್ನಷ್ಟು ಚಳಿಯಾಗುತ್ತದೆ.

6. ಪೆಟ್ಟಿಗೆಯನ್ನು ಕತ್ತಲೂ ನಿಶ್ಶಬ್ದವೂ ಇರುವಲ್ಲಿ ಇಡಿ. ಪದೇ ಪದೇ ತೆಗೆದು ನೋಡಬೇಡಿ. ಕೈಗೆತ್ತಿದಷ್ಟೂ ಅದರ ಶಕ್ತಿ ಹೋಗುತ್ತದೆ.

ಡಾಕ್ಟರ ಬಳಿ ಒಯ್ಯುವಾಗ ಅದೇ ಪೆಟ್ಟಿಗೆಯಲ್ಲಿ ಬಾಟಲಿಯ ಸಮೇತ ಒಯ್ಯಿರಿ. ಕಾರಿದ್ದರೆ ಮೊದಲೇ ಬೆಚ್ಚಗೆ ಮಾಡಿಟ್ಟುಕೊಳ್ಳಿ.

ಚಳಿ ಇಳಿಯುವಾಗ

ಬಿಸಿಲೇರಿದ ಮೊದಲ ದಿನವೇ ಎಲ್ಲ ತೆಗೆಯಬೇಡಿ. ಥರ್ಮೋಸ್ಟಾಟನ್ನು ಎರಡು ಮೂರು ದಿನಕ್ಕೊಂದು ಡಿಗ್ರಿಯಂತೆ ಇಳಿಸುತ್ತ ಬನ್ನಿ. ಮೊದಲು ಹಗಲಿನ ಹೀಟರ್ ನಿಲ್ಲಿಸಿ, ಆಮೇಲೆ ರಾತ್ರಿಯದು. ಹೊದಿಸುವ ಬಟ್ಟೆ ಎಲ್ಲಕ್ಕಿಂತ ಕೊನೆಗೆ. ಈ ಸಮಯಕ್ಕೆ ಸರಿಯಾಗಿ ಎಷ್ಟೋ ಹಕ್ಕಿಗಳು ಗರಿ ಉದುರಿಸಲು ಶುರು ಮಾಡುತ್ತವೆ. ಪಂಜರದ ತಳದಲ್ಲಿ ಪುಟ್ಟ ಪುಟ್ಟ ಪುಕ್ಕಗಳು ಕಂಡರೆ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ, ತಲೆಯ ಮೇಲಿನ ಮುಳ್ಳಿನಂಥ ಎಳೆ ಗರಿಗಳು ಬಿಚ್ಚಿಕೊಳ್ಳುವ ತನಕ ಅದೇ ಕಾವು ಮುಂದುವರಿಸಿ.